ಸುಕ್ಕಾಗದ ಚೀಲ

ನೈಲಾನಿಗೆ ಬಿಸಿ ತಾಗಿದರೆ ಅದು ಹತ್ತಿಬಟ್ಟೆಯ ಹಾಗೆ ಹೊಗೆಯಾಡಿ ಮುನ್ಸೂಚನೆ ಕೊಡುವುದಿಲ್ಲ. ಮದುವೆಮನೆಯಲ್ಲಿ ಉಪಚಾರ ಕಮ್ಮಿಯಾದ ಬೀಗರಂತೆ ಇದ್ದಕ್ಕಿದ್ದಂತೆ ಮುಖ ಸಿಂಡರಿಸುತ್ತದೆ, ಆಮೇಲೆ ಎಷ್ಟು ಸವರಿದರೂ ಸಡಿಲಗೊಳ್ಳುವುದಿಲ್ಲ. ಬಸವೇಶ್ವರನಗರದ ನಮ್ಮ ಮನೆಯ, ಕಾರನ್ನೇ ಕಂಡಿರದ ಕಾರ್ ಶೆಡ್ಡಿನಲ್ಲಿ ಹೀಟ್ ಪ್ರೆಸ್ ಇಟ್ಟುಕೊಂಡು ಚೀಲಗಳಿಗೆ ಚಿತ್ರ ಅಂಟಿಸುವ ಕಸುಬಿಗೆ ಇಳಿದ ನನಗೆ ಈ ಸಿಡುಕೇ ನಿತ್ಯದ ಚಿಂತೆ. ನನ್ನ ಚಿಂತೆಗೆ ಕಾರಣವೇ ಬೇಕಿಲ್ಲ ಎನ್ನುತ್ತಾಳೆ ಹೆಂಡತಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧದಾರಿಯಲ್ಲಿ ಬಸ್ಸಿಳಿದು ಬಂದವನನ್ನು ಅವಳು ಬಲ್ಲಳು.

ಕೆಲಸವೇನೋ ಸರಳ. ರಾಜಾಜಿನಗರದ ಪ್ರಿಂಟರು ಸ್ಕ್ರೀನೆಂಬ ಜಾಲರಿಬಟ್ಟೆಯ ಅಚ್ಚಿನ ಮೂಲಕ ಕಾಗದದ ಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಅಚ್ಚೊತ್ತಿ, ಅದರ ಮೇಲೆ ಅಂಟಿನ ಪುಡಿ ಉದುರಿಸಿ ಕೊಡುತ್ತಾರೆ. ಅದನ್ನು ಚೀಲದ ಮೇಲೆ ಕವುಚಿ, ಬಿಸಿಯಲ್ಲಿ ಒತ್ತಿ, ಆರಿದ ಮೇಲೆ ಕಾಗದ ಸುಲಿದರೆ ಚಿತ್ರ ಚೀಲದಲ್ಲಿ ಉಳಿಯುತ್ತದೆ.

ವಿಜಯನಗರದ ನಮ್ಮಕ್ಕನ ಭಜನಾಮಂಡಳಿಯ ಚೀಲಗಳಿಗೆ ಹೀಗೆಯೇ ರಂಗೋಲಿ ಒತ್ತಿಕೊಟ್ಟಿದ್ದೆ. ಅಕ್ಕನೇ ಬರೆದ ರಂಗೋಲಿ ಅದು. ಎಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಪತ್ತೆಯಾಗದಂಥದು. ಮಿಕ್ಕವರದೆಲ್ಲ ದಪ್ಪ ನೈಲಾನು. ಅವಳದು ಮಾತ್ರ ಭಾವ ತಂದುಕೊಟ್ಟಿದ್ದ, ಮಡಚಿದರೆ ಅಂಗೈಯಲ್ಲಿ ಅಡಗುವ ತೆಳು ಚೀಲ. ತನ್ನ ರಂಗೋಲಿಯಿರುವ ಆ ಚೀಲವನ್ನೇ ಮಂಡಳಿಯ ಕಾಶಿಯಾತ್ರೆಗೆ ಒಯ್ಯಬೇಕೆಂಬುದು ಅವಳ ಆಸೆ.

“ಸುಕ್ಕಾಗ್ಬಿಡತ್ತೆ ಅಕ್ಕ. ಸ್ವಲ್ಪ ತಡಿ, ಯಾರನ್ನಾದ್ರೂ ವಿಚಾರಿಸಿ ಹಾಕ್ತೀನಿ,” ಎಂದೆ.

“ಬಿಸಿ ಕಮ್ಮಿ ಇಟ್ಟು ಒತ್ತೋ, ಪುಕ್ಕಲ. ಹಾಳಾದ್ರೆ ನನ್ ಚೀಲ ತಾನೆ?”

ಒತ್ತಲಿಲ್ಲ. ಉಳಿದಿದ್ದ ಒಂದೇ ರಂಗೋಲಿ ಕಾಗದವನ್ನು ಬೀರುವಿನಲ್ಲಿ, ನಗಬೇಡಿ, ಹೆಂಡತಿಯ ರೇಷ್ಮೆ ಸೀರೆಗಳ ನಡುವೆ ಜೋಪಾನವಾಗಿಟ್ಟೆ. ಮಳೆಗಾಲದಲ್ಲಿ ತೇವಕ್ಕೆ ಹೆದರಿದೆ, ಬೇಸಿಗೆಯಲ್ಲಿ ವೋಲ್ಟೇಜಿಗೆ. ಮಂಡಳಿಯ ಯಾತ್ರೆ ಒಂದಲ್ಲ ಒಂದು ಕಾರಣಕ್ಕೆ ಮುಂದೆ ಹೋಗುತ್ತಿದ್ದುದು ನನ್ನ ಸಬೂಬುಗಳಿಗೆ ಅನುಕೂಲವೇ ಆಯಿತು. ಈ ನಡುವೆ ಪಾರ್ಶ್ವವಾಯು ಬಡಿದು ಅಕ್ಕನ ಬಲಗೈ ಚುಕ್ಕಿಯಿಡುವುದನ್ನೂ ಮರೆಯಿತು. ಪ್ರಿಂಟರು ಕಸುಬಿನ ವಾಡಿಕೆಯಂತೆ ರಂಗೋಲಿಯ ಸ್ಕ್ರೀನನ್ನು ಎಂದೋ ತೊಳೆದು ಬೇರೆ ಯಾವುದೋ ಚಿತ್ರಕ್ಕೆ ಬಳಸಿಕೊಂಡಿದ್ದರು. ಮಿಕ್ಕ ಹೆಂಗಸರ ಚೀಲಗಳಲ್ಲಿ ಸೊಪ್ಪು ತರಕಾರಿ ಹೊತ್ತೂ ಹೊತ್ತೂ ರಂಗೋಲಿ ಮಾಸಿಹೋಗಿತ್ತು.

ಕೊನೆಗೂ ಕಾಶಿಯ ಟಿಕೆಟ್ಟು ಕೈಸೇರಿದ ವಾರ, ಮೆಟ್ರೊಗೆಂದು ಅಗೆದಿದ್ದ ರಸ್ತೆಗಳನ್ನು ಆಟೋದಲ್ಲಿ ದಾಟಿ, ಅಕ್ಕ ಚೀಲದೊಂದಿಗೆ ಬಂದಳು. ಬಿಸಿ ಇಳಿಸಿ, ಚೀಲದ ಮೂಲೆಯಲ್ಲೊಮ್ಮೆ ಪರೀಕ್ಷಿಸಿ, ಮನೆದೇವರನ್ನು ನೆನೆದು ಒತ್ತಿದೆ. ಆರಲು ಬಿಟ್ಟು ಕಾಗದ ಎತ್ತಿದರೆ ರಂಗೋಲಿಯೂ ಅದರ ಜೊತೆಗೇ ಎದ್ದು, ಹಪ್ಪಳದಂತೆ ಪುಡಿಯಾಗಿ ಉದುರಿತು. ಅಂಟಿಗೂ ಆಯುಸ್ಸಿದೆ; ಅದು ಬೀರುವಿನಲ್ಲಿ, ನನ್ನ ಜೋಪಾನದಲ್ಲಿಯೇ, ತೀರಿಹೋಗಿತ್ತು.

ಅಕ್ಕ ಎಡಗೈಯಿಂದ ಪುಡಿ ಒರೆಸಿ, ಚೀಲವನ್ನು ಬಾಗಿಲ ಬೆಳಕಿಗೆ ಹಿಡಿದು, ತುಂಬ ಹೊತ್ತು ನೋಡಿದಳು.

“ಒಂದು ಸುಕ್ಕೂ ಇಲ್ಲ ಕಣೋ,” ಎಂದಳು. “ನೀನು ಹೆದ್ರಿದ್ದು ಏನೂ ಆಗ್ಲಿಲ್ಲ ನೋಡು.”