ನಾಲ್ಕು ತಿಂಗಳ ಸಾರ್ಜೆಂಟ್

ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಮೇಲೆ ದರ್ಶನದ ಸಾಲು ನೂಕುನುಗ್ಗಲಾದರೆ ಗೃಹರಕ್ಷಕ ದಳದವರು ಮೊದಲು ಕರೆಯುವುದು ಸೌಮ್ಯಳನ್ನು. ಅವಳಿಗೆ ಸೀಟಿ ಬೇಡ. ಕಟ್ಟೆಯ ಮೇಲೆ ನಿಂತು "ಒಬ್ಬರ ಹಿಂದೆ ಒಬ್ಬರು!" ಎಂದು ಒಂದು ಸಲ ಕೂಗಿದರೆ ಸಾಲಿನ ತುದಿಯಲ್ಲಿರುವವರೂ ತಮಗೇ ಹೇಳಿದ್ದೆಂದು ಸರಿದು ನಿಲ್ಲುತ್ತಾರೆ. ಮೂವತ್ತಮೂರು ವರ್ಷದ ಈ ತೆಳ್ಳನೆಯ ಹೆಂಗಸಿಗೆ ಅಂಥ ದನಿ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಅವಳು ಒಂದೇ ಉತ್ತರ ಕೊಡುತ್ತಿದ್ದಳು: "ಹೈಸ್ಕೂಲಲ್ಲಿ ಎನ್‌ಸಿಸಿ ಸಾರ್ಜೆಂಟ್ ಆಗಿದ್ದೆ."

ಯಾರೂ ನಂಬುತ್ತಿರಲಿಲ್ಲ. ಜೊತೆಯಲ್ಲಿ ಡ್ಯೂಟಿ ಮಾಡುವ ಮಹದೇವನಿಗಂತೂ ಅದೊಂದು ಆಟ. "ಏನ್ ಸಾರ್ಜೆಂಟಮ್ಮೋರೇ, ಎಸ್ಸೆಸ್ಸೆಲ್ಸಿನೇ ಹೊರಗಿಂದ ಕಟ್ಟಿ ಪಾಸಾದೋರು ಅದ್ಯಾವ ಸೈನ್ಯ ನಡೆಸ್ಬುಟ್ರಿ? ಒಂದು ಕಾಗದ ತೋರ್ಸಿ, ಇಲ್ಲೇ ಸಲ್ಯೂಟ್ ಹೊಡೀತೀನಿ" ಎನ್ನುತ್ತಿದ್ದ. ತೋರಿಸಲು ಅವಳ ಬಳಿ ಕಾಗದವಿರಲಿಲ್ಲ. ತೋಳಿನ ಮೇಲಿದ್ದ ಮೂರು ಪಟ್ಟಿಯನ್ನು ಒಂಬತ್ತನೇ ತರಗತಿಯಲ್ಲಿ, ನಾನೂರು ಮಂದಿ ನೋಡುತ್ತಿದ್ದಂತೆ ಕಿತ್ತುಕೊಂಡಿದ್ದರು.

ಆಗ ದಸರಾ ರಜೆಯಲ್ಲಿ ಹತ್ತು ದಿನದ ಶಿಬಿರ ನಡೆದಿತ್ತು. ಕಮಾಂಡರ್ ಸಾಹೇಬರ ತಪಾಸಣೆಯ ದಿನ ಶಾಲೆಯ ತಂಡಕ್ಕೆ ಆಜ್ಞೆ ಕೊಡುವವಳು ಸೌಮ್ಯ. ಬಿಸಿಲಲ್ಲಿ ಒಂದು ಗಂಟೆ ನಿಂತ ಮೇಲೆ ಎರಡನೇ ಸಾಲಿನ ಅನುಪಮಾ ಮುಖ ಅಡಿಯಾಗಿ ಬಿದ್ದಳು. ಯಾರೂ ಕದಲುವಂತಿರಲಿಲ್ಲ. ಸಾಹೇಬರು ಇನ್ನೂ ಮೂರನೇ ಸಾಲನ್ನು ನೋಡುತ್ತಿದ್ದರು. ಸೌಮ್ಯ ತನ್ನ ಜಾಗ ಬಿಟ್ಟು ಓಡಿದಳು. ಅನುಪಮಾಳನ್ನು ಹೆಗಲ ಮೇಲೆ ಹಾಕಿಕೊಂಡು ನೆರಳಿಗೆ ತಂದು ತನ್ನ ಬಾಟಲಿನ ನೀರು ಕುಡಿಸಿದಳು.

ಸಂಜೆ ಎರಡು ಸಂಗತಿ ನಡೆದವು. ಎನ್‌ಸಿಸಿ ನೋಡಿಕೊಳ್ಳುತ್ತಿದ್ದ ಮೃತ್ಯುಂಜಯ ಮೇಷ್ಟ್ರು ಎಲ್ಲರನ್ನೂ ನಿಲ್ಲಿಸಿ ಸೌಮ್ಯಳ ತೋಳಿನ ಪಟ್ಟಿಯನ್ನು ಬ್ಲೇಡಿನಿಂದ ಬಿಚ್ಚಿ, ಅನುಪಮಾಳ ಕೈಗೆ ಕೊಟ್ಟರು. ಮಗಳನ್ನು ನೋಡಲು ಬಂದ ಅನುಪಮಾಳ ತಾಯಿ ಸಿದ್ದಲಿಂಗಮ್ಮ, "ಮಗೂಗೆ ನೀರು ಯಾರ ಬಾಟಲಿಂದ ಕುಡಿಸಿದ್ರಿ?" ಎಂದು ಮೊದಲು ಕೇಳಿದರು. ಹತ್ತಿರದಲ್ಲೇ ನಿಂತಿದ್ದ ಸೌಮ್ಯಳಿಗೆ ಆ ಪ್ರಶ್ನೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹತ್ತನೇ ತರಗತಿಗೆ ಅವಳು ಹೋಗಲಿಲ್ಲ. ಗಾರೆ ಕೆಲಸದ ಅಪ್ಪ ಕೆಂಪಯ್ಯ ಬೈದರೂ, ಗೋಕುಲಂನಲ್ಲಿ ಮನೆಗೆಲಸ ಮಾಡುತ್ತಿದ್ದ ಅವ್ವ ಮುದ್ದಮ್ಮ ಅತ್ತು ಕರೆದರೂ, "ಆ ಮೈದಾನಕ್ಕೆ ಕಾಲಿಡಲ್ಲ" ಎಂದು ಕೂತಳು. ಊದುಬತ್ತಿ ಕಾರ್ಖಾನೆಗೆ ಸೇರಿದಳು, ಪರೀಕ್ಷೆಯನ್ನು ಹೊರಗಿನಿಂದ ಕಟ್ಟಿದಳು, ಇಪ್ಪತ್ತೆರಡಕ್ಕೆ ಗೃಹರಕ್ಷಕ ದಳಕ್ಕೆ ಬಂದಳು. ಮತ್ತೆ ಖಾಕಿ ತೊಟ್ಟ ದಿನ ಮನೆಯ ಕನ್ನಡಿಯಲ್ಲಿ ಅವಳು ಮೊದಲು ನೋಡಿಕೊಂಡದ್ದು ತೋಳನ್ನು.

ಹೋದ ತಿಂಗಳು ಶಾಲೆಯಿಂದ ಫೋನ್ ಬಂತು. ಈಗಿನ ಹೆಡ್‌ಮಿಸ್ ಶಿಲ್ಪಶ್ರೀ ಮಾತಾಡಿದರು. ಶಾಲೆಯ ಎನ್‌ಸಿಸಿಗೆ ಐವತ್ತು ವರ್ಷ ತುಂಬಿದೆ, ಒಂದೊಂದು ವರ್ಷದ ನಾಯಕರನ್ನೂ ಕರೆದು ಸನ್ಮಾನ ಮಾಡುತ್ತೇವೆ, ಹೆಸರುಗಳನ್ನು ಹಲಗೆಯಲ್ಲಿ ಬರೆಸಿ ಸಭಾಂಗಣದಲ್ಲಿ ಹಾಕುತ್ತೇವೆ ಎಂದರು. ಹಳೆಯ ರಿಜಿಸ್ಟರಲ್ಲಿ ಒಂದು ವರ್ಷಕ್ಕೆ ಮಾತ್ರ ಎರಡು ಹೆಸರಿವೆ, ಒಂದಕ್ಕೆ ಕೆಂಪು ಗೆರೆ ಎಳೆದಿದೆ. ಶನಿವಾರ ಬಂದು ತೀರ್ಮಾನ ಮಾಡಿಕೊಡಿ, ಮೃತ್ಯುಂಜಯ ಸಾರ್ ಮತ್ತು ಅನುಪಮಾ ಅವರೂ ಬರುತ್ತಾರೆ ಎಂದೂ ಹೇಳಿದರು.

ಸೌಮ್ಯ ರಜೆ ಹಾಕಿದಳು. ಆ ಹಲಗೆಯಲ್ಲಿ ತನ್ನ ಹೆಸರು ಇರಬೇಕು, ಅಷ್ಟೇ. ಹಾರ, ಶಾಲು ಯಾವುದೂ ಬೇಡ. ಮಹದೇವನಂಥವರನ್ನು ಕೈಹಿಡಿದು ಕರೆತಂದು ಓದು ಎನ್ನುವಂತಿರಬೇಕು.

ಹೆಡ್‌ಮಿಸ್ ಕೋಣೆಯಲ್ಲಿ ಮೇಷ್ಟ್ರು ಆಗಲೇ ಕುಳಿತಿದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ಬಗ್ಗಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅನುಪಮಾ. ಈಗ ಬ್ಯಾಂಕ್ ಮ್ಯಾನೇಜರು, ರಾಮಕೃಷ್ಣನಗರದಲ್ಲಿ ಸ್ವಂತ ಮನೆ. ಸೌಮ್ಯ ಒಳಗೆ ಬಂದದ್ದನ್ನು ಕಂಡು ಅವಳು ಮೊಬೈಲಿನ ಕಡೆ ಕಣ್ಣು ತಿರುಗಿಸಿದಳು.

"ಇವಳ್ಯಾಕೆ ಬಂದಳು?" ಎಂದು ಮೇಷ್ಟ್ರು ಹೆಡ್‌ಮಿಸ್ಸನ್ನು ಕೇಳಿದರು.

"ರಿಜಿಸ್ಟರಲ್ಲಿ ಇವರ ಹೆಸರೂ ಇದೆಯಲ್ಲ ಸಾರ್."

"ಹೊಡೆದುಹಾಕಿದ್ದೀನಲ್ಲಮ್ಮ. ಕೆಂಪು ಶಾಯಿ ಕಾಣಲ್ವಾ?"

"ಹೊಡೆದಿರೋದು ಕಾಣುತ್ತೆ ಸಾರ್. ಯಾಕೆ ಅಂತ ಬರೆದಿಲ್ಲ."

"ಬರೆಯೋದೇನು? ಮೂವತ್ತು ವರ್ಷದ ಸರ್ವೀಸಲ್ಲಿ ನಾನು ಸಾಹೇಬರ ಮುಂದೆ ತಲೆ ತಗ್ಗಿಸಿದ್ದು ಅದೊಂದೇ ದಿನ. ಸಾವಧಾನ್ ಅಂತ ಆರ್ಡರ್ ಕೊಟ್ಟೋಳೇ ಜಾಗ ಬಿಟ್ಟು ಓಡಿಹೋದ್ಲು." ಈಗ ಅವಳ ಕಡೆ ತಿರುಗಿದರು. "ಏ, ನೀನೇ ಹೇಳು. ಸಾವಧಾನ್ ಅಂದ್ರೆ ಏನು?"

"ಕನ್ನಡದಲ್ಲಿ ಕೇಳ್ತಿದೀರಾ, ಹಿಂದೀಲಾ ಸಾರ್?"

ಹೆಡ್‌ಮಿಸ್ ನಗು ತಡೆದುಕೊಂಡರು. ಮೇಷ್ಟ್ರ ಮುಖ ಕೆಂಪಾಯಿತು. ಸೌಮ್ಯ ತಮಾಷೆಗೆ ಹೇಳಿರಲಿಲ್ಲ. ಎಂಟನೇ ತರಗತಿಯ ಮೊದಲ ಪರೇಡಿನಲ್ಲಿ, ಬೆಟಾಲಿಯನ್ನಿನಿಂದ ಬಂದ ಹವಾಲ್ದಾರರು "ಸಾವಧಾನ್!" ಎಂದು ಗುಡುಗಿದಾಗ, ನಿಧಾನವಾಗಿ, ಜೋಪಾನವಾಗಿ ನಿಲ್ಲಿ ಎಂದು ಹೇಳುತ್ತಿದ್ದಾರೆಂದು ಅವಳು ನಂಬಿದ್ದಳು. ಎಷ್ಟು ಒಳ್ಳೆಯವರು ಎಂದುಕೊಂಡು ಜಡೆ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ಹಿಂದಿಯಲ್ಲಿ ಅದು ಮೈ ಕಲ್ಲು ಮಾಡಿ ನಿಲ್ಲುವ ಆಜ್ಞೆ ಎಂದು ಮೊಣಕಾಲಿಗೆ ಬೆತ್ತ ಕೊಟ್ಟು ಕಲಿಸಿದವರು ಇದೇ ಮೇಷ್ಟ್ರು.

"ಹಿಂದೀದು ನೀವು ಕಲಿಸಿದ್ರಿ, ಕಲ್ತೆ," ಎಂದಳು. "ಅವತ್ತು ಆ ಹುಡುಗಿ ಮೂಗಲ್ಲಿ ರಕ್ತ ಬರ್ತಿತ್ತು. ನನಗೆ ಕನ್ನಡದ್ದೇ ನೆನಪಾಯ್ತು."

"ನೋಡಿದ್ರಾ ಬಾಯಿ? ಇದಕ್ಕೇ ಕಿತ್ತದ್ದು."

ಅನುಪಮಾ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದಳು. "ಎತ್ತು ಅಂತ ನಾನು ಕೇಳಿದ್ನಾ? ಎಲ್ಲರ ಮುಂದೆ ಗೋಣಿಚೀಲದ ಹಾಗೆ ಹೊತ್ಕೊಂಡು ಹೋದೆ. ಹತ್ತನೇ ಕ್ಲಾಸ್ ಮುಗಿಯೋವರೆಗೂ ಹುಡುಗರು ನನ್ನನ್ನ ಮೂಟೆ, ಮೂಟೆ ಅಂತ ಕೂಗಿದ್ರು. ನಿನಗೇನು, ಶಾಲೆ ಬಿಟ್ಟು ಆರಾಮಾಗಿದ್ದೆ."

"ಆರಾಮಾಗಿ? ಊದುಬತ್ತಿ ಹೊಸೆದು ಹೊಸೆದು ನನ್ನ ಅಂಗೈ ಕಪ್ಪಾಗಿತ್ತು ಮೇಡಂ. ನಿಮ್ಮ ತೋಳಲ್ಲಿ ಇದ್ದದ್ದು ನನ್ನ ಪಟ್ಟಿ."

"ನಾನು ಕಿತ್ತುಕೊಳ್ಳಲಿಲ್ಲ. ಕೊಟ್ರು."

"ಬ್ಯಾಡ ಅನ್ನಬೋದಿತ್ತಲ್ಲ?"

ಹೆಡ್‌ಮಿಸ್ ನಡುವೆ ಬಂದು, ಹಳೆಯದನ್ನು ಕೆದಕುವುದು ಬೇಡ, ಮೇಷ್ಟ್ರು ಒಂದು ದಾರಿ ಹೇಳಲಿ ಎಂದರು. ಮೇಷ್ಟ್ರು ಬಹಳ ಹೊತ್ತು ಯೋಚಿಸಲಿಲ್ಲ. ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದಂತಿತ್ತು.

"ಅವತ್ತು ಮಾಡಿದ್ದು ಶಿಸ್ತಿನ ಉಲ್ಲಂಘನೆ, ನನ್ನ ತಪ್ಪು, ಕ್ಷಮಿಸಿ ಅಂತ ಬರೆದುಕೊಡಲಿ. ಗೆರೆ ನಾನೇ ಅಳಿಸ್ತೀನಿ. ಬರೀದಿದ್ರೆ ಆ ವರ್ಷ ಪೂರ್ತಿ ಅನುಪಮಾ ಹೆಸರು."

ಒಂದು ಬಿಳಿ ಹಾಳೆ ಸೌಮ್ಯಳ ಮುಂದೆ ಬಂತು. ಮೂರು ಮಾತು ಬರೆದರೆ ಸಾಕು, ಹಲಗೆ ಅವಳದು. ಅವಳು ಪೆನ್ನು ಹಿಡಿದು, ಒಂದೊಂದು ಅಕ್ಷರವನ್ನೂ ಒತ್ತಿ ಒತ್ತಿ ಬರೆದಳು. ಹತ್ತು ನಿಮಿಷ ಹಿಡಿಯಿತು. ಮೇಷ್ಟ್ರು ಹಾಳೆ ತೆಗೆದುಕೊಂಡರು, ಹಳೆಯ ಅಭ್ಯಾಸಕ್ಕೆ ಜೇಬಿನಿಂದ ಕೆಂಪು ಪೆನ್ನನ್ನೂ ತೆಗೆದರು.

"ಶಿಬಿರಕ್ಕೆ ಭ ಯಾಕೆ ಹಾಕಿದೆ? ಬ," ಎಂದು ತಿದ್ದಿದರು. ಮುಂದಕ್ಕೆ ಓದುತ್ತ ಓದುತ್ತ ಪೆನ್ನು ನಿಂತಿತು.

ತಿದ್ದಿದ ಮೇಲೆ ಹಾಳೆಯಲ್ಲಿ ಹೀಗಿತ್ತು: "ಶಿಬಿರದಲ್ಲಿ ಒಂದು ಹುಡುಗಿ ಬಿದ್ದಳು. ನಾನು ತಂಡದ ಮುಖ್ಯಸ್ಥೆ. ಆದ್ದರಿಂದ ಓಡಿದೆ. ಮುಖ್ಯಸ್ಥೆ ಅಲ್ಲದಿದ್ದರೆ ಪ್ರಾಯಶಃ ಓಡುತ್ತಿರಲಿಲ್ಲ. ಇದು ತಪ್ಪು ಎಂದು ನನಗೆ ಆಗ ಅನ್ನಿಸಲಿಲ್ಲ. ಈಗಲೂ ಇಲ್ಲ."

"ಕ್ಷಮೆ ಎಲ್ಲಿ?"

"ಬರೆದಿಲ್ಲ ಸಾರ್."

"ಹಾಗಾದ್ರೆ ಹೆಸರೂ ಇಲ್ಲ. ಹೋಗು." ಹಾಳೆಯನ್ನು ಮಡಚಿ ಮೇಜಿಗೆ ಎಸೆದರು. "ಅನುಪಮಾ, ಆ ವರ್ಷದ್ದಕ್ಕೆ ನೀನು ಸೈನ್ ಹಾಕಮ್ಮ."

ಸೌಮ್ಯ ಎದ್ದಳು. ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿಟ್ಟಳು. ಅನುಪಮಾ ಹಲಗೆಗೆ ಬೇಕಾದ ಹೆಸರು, ಅವಧಿ ತುಂಬಿಟ್ಟಿದ್ದ ಫಾರಂ ಎಳೆದುಕೊಂಡಳು. ಸಹಿ ಹಾಕುವ ಮೊದಲು ಎಸೆದ ಹಾಳೆಯನ್ನು ಬಿಡಿಸಿ ಓದಿದಳು, ಎರಡು ಸಲ. ಆಮೇಲೆ ಫಾರಂನಲ್ಲಿ 'ಜೂನ್‌ನಿಂದ' ಎಂದು ಇದ್ದದ್ದನ್ನು ಹೊಡೆದು, 'ಅಕ್ಟೋಬರ್‌ನಿಂದ' ಎಂದು ಬರೆದು ಸಹಿ ಹಾಕಿದಳು.

"ಏನಮ್ಮ ಇದು?" ಎಂದರು ಮೇಷ್ಟ್ರು.

"ಪಟ್ಟಿ ನನಗೆ ಕೊಟ್ಟದ್ದು ಅಕ್ಟೋಬರಲ್ಲಿ ಸಾರ್. ಅದಕ್ಕಿಂತ ಮುಂಚಿಂದು ನಂದಲ್ಲ. ಬ್ಯಾಂಕಲ್ಲಿ ಕೂತು ದಿನಾ ಬೇರೆಯವರ ಸೈನ್ ಪರೀಕ್ಷೆ ಮಾಡೋಳು ನಾನು, ಸುಳ್ಳು ತಾರೀಕಿಗೆ ಸೈನ್ ಹಾಕಲ್ಲ." ಸೌಮ್ಯಳ ಕಡೆ ನೋಡಿದಳು. ಆ ನೋಟದಲ್ಲಿ ಸ್ನೇಹ ಇರಲಿಲ್ಲ. "ಇವಳಿಗೋಸ್ಕರ ಅಲ್ಲ. ಇವಳದ್ದು ಏನೂ ನನಗೆ ಬೇಡ. ಒಂದು ಸಲ ಇಸ್ಕೊಂಡು ಸಾಕಾಗಿದೆ."

ಹೆಡ್‌ಮಿಸ್ ಫಾರಂ ನೋಡಿದರು, ಮೇಷ್ಟ್ರನ್ನು ನೋಡಿದರು. "ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ತಂಡಕ್ಕೆ ನಾಯಕರೇ ಇರಲಿಲ್ಲ ಅಂತ ಬರೆಸೋದಾ ಸಾರ್? ಹಲಗೆ ಕೆಳಗೆ ಎನ್‌ಸಿಸಿ ಮೇಷ್ಟ್ರು ಅಂತ ನಿಮ್ಮ ಹೆಸರೂ ಇರುತ್ತೆ."

ಮೇಷ್ಟ್ರು ಎದ್ದು ಹೊರಟರು. ಬಾಗಿಲಲ್ಲಿ ನಿಂತು, ಹಿಂತಿರುಗದೆ, "ಏನಾದ್ರೂ ಬರ್ಕೊಳ್ಳಿ. ಶಾಲು ನಾನು ಹೊದಿಸಲ್ಲ," ಎಂದರು.

ಹೊರಗೆ ಕಾರಿನ ಬಾಗಿಲು ತೆಗೆಯುತ್ತ ಅನುಪಮಾ ಹೇಳಿದಳು: "ಥ್ಯಾಂಕ್ಸ್ ಗೀಂಕ್ಸ್ ಅಂತ ಬರಬೇಡ."

"ಬರಲ್ಲ ಬುಡು," ಎಂದಳು ಸೌಮ್ಯ.

ಸನ್ಮಾನದ ದಿನ ಹಲಗೆಯಲ್ಲಿ ಆ ವರ್ಷದ ಎದುರು ಎರಡು ಹೆಸರಿದ್ದವು, ಒಂದರ ಕೆಳಗೆ ಒಂದು. ಸೌಮ್ಯ ಇಸ್ತ್ರಿ ಮಾಡಿದ ಖಾಕಿಯಲ್ಲೇ ಬಂದಿದ್ದಳು. ತನ್ನ ಹೆಸರಿನ ಅಕ್ಷರಗಳನ್ನು ತಪ್ಪಿಲ್ಲವೇ ಎಂದು ಮೂರು ಸಲ ಓದಿದಳು. ಮೇಷ್ಟ್ರು ಉಳಿದೆಲ್ಲರಿಗೂ ಶಾಲು ಹೊದಿಸಿ, ಅವಳ ಸರದಿ ಬಂದಾಗ ನೀರು ಕುಡಿಯಲು ಹೋದರು. ಹೆಡ್‌ಮಿಸ್ ಹೊದಿಸಿದರು. ಕಡೆಗೆ ಆ ವರ್ಷದ ಇಬ್ಬರನ್ನೂ ಹಲಗೆಯ ಕೆಳಗೆ ನಿಲ್ಲಿಸಿ ಫೋಟೋ ತೆಗೆಯಬೇಕಿತ್ತು.

"ಇನ್ನೂ ಸ್ವಲ್ಪ ಹತ್ತಿರ ಬನ್ನಿ ಮೇಡಂ," ಎಂದ ಫೋಟೋದವನು.

ಇಬ್ಬರೂ ಕದಲಲಿಲ್ಲ. ಅವನು ಇನ್ನೊಮ್ಮೆ ಕೇಳಿ ನೋಡಿ, ತಾನೇ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಫೋಟೋ ತೆಗೆದ.