ಬಡಿಯುವವಳು, ಬೇಯಿಸುವವಳು

ಆ ದಿನ ಬೆಳಿಗ್ಗೆ ನಾವು ಎಂದಿಗಿಂತ ಹೆಚ್ಚು ರೊಟ್ಟಿ ಮಾಡಿದೆವು. ಮರುದಿನ ಅಕ್ಕ ಪಂಚಮಿಗೆಂದು ತವರಿಗೆ ಹೊರಡುವವಳಿದ್ದಳು. ಅವಳಿಲ್ಲದ ಎಂಟು ದಿನಕ್ಕೆ ಸಾಲುವಷ್ಟು ಕಡಕ್ ರೊಟ್ಟಿ ಮಾಡಿಟ್ಟು ಹೋಗುವುದು ರೂಢಿ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ಹತ್ತಿಯ ಕಟ್ಟಿಗೆ ಹಸಿಯಾಗಿ ಒಲೆ ಹೊಗೆಯುತ್ತಿತ್ತು. ಅವಳು ಬಡಿಯುತ್ತಿದ್ದಳು, ನಾನು ಬೇಯಿಸುತ್ತಿದ್ದೆ. ಎಳ್ಳು ಹಚ್ಚಿದ ತೆಳು ರೊಟ್ಟಿಯನ್ನು ಹಂಚಿನಿಂದ ಇಳಿಸಿ ಒಲೆಯ ಸುತ್ತ ಒರಗಿಸಿ ನಿಲ್ಲಿಸುತ್ತಿದ್ದೆ. ತೇವ ಆರಿ ಹಪ್ಪಳದಂತಾದ ಮೇಲೆ ಬುಟ್ಟಿಗೆ ಹಾಕುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ಬುಟ್ಟಿ ತುಂಬಿತು. ಅವಳು ಎದ್ದು, ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ, ಬುಟ್ಟಿಯ ಮೇಲೆ ಅರಿವೆ ಮುಚ್ಚಿದಳು. ಆ ದಿನದಲ್ಲಿ ಬೇರೆ ಏನೂ ವಿಶೇಷವಿರಲಿಲ್ಲ.

ಅಕ್ಕ ಎಂದರೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಎಂಟು ವರ್ಷ ದೊಡ್ಡವಳು. ಮಕ್ಕಳಾಗಿರಲಿಲ್ಲ. ಅವಳ ತವರು ನವಲಗುಂದದ ಕಡೆಯ ಮೊರಬ, ನನ್ನದು ಕಲಘಟಗಿಯ ಆಚೆಯ ಒಂದು ಸಣ್ಣ ಊರು. ಇಬ್ಬರನ್ನೂ ಕೊಟ್ಟದ್ದು ಕುಬಿಹಾಳಕ್ಕೆ. ಇದು ಎಪ್ಪತ್ತರ ದಶಕದ ಮಾತು. ಮನೆಯಲ್ಲಿ ಅತ್ತೆ, ಅಣ್ಣತಮ್ಮಂದಿರಿಬ್ಬರು, ನಾವಿಬ್ಬರು ಮತ್ತು ಇಬ್ಬರು ಆಳುಗಳು. ದಿನಕ್ಕೆ ನಲವತ್ತು ರೊಟ್ಟಿಗೆ ಕಡಿಮೆ ಆಗುತ್ತಿರಲಿಲ್ಲ.

ನನಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಮ್ಮ ಕಡೆ ಭತ್ತದ ಗದ್ದೆ. ಎರಡೂ ಹೊತ್ತು ಅನ್ನ ಉಣ್ಣುವವರು ನಾವು. ಜೋಳದ ಹಿಟ್ಟನ್ನು ಕೈಯಲ್ಲಿ ಹಿಡಿದದ್ದೇ ಅಪರೂಪ. ಹೆಣ್ಣು ನೋಡಲು ಬಂದಾಗ ಅಡಿಗೆ ಬರುತ್ತದೆಯೇ ಎಂದು ಕೇಳಿದರು, ಬರುತ್ತದೆ ಎಂದೆವು. ಯಾವ ಅಡಿಗೆ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಅತ್ತೆ ನನ್ನನ್ನು ಸೊಸೆಯಾಗಿ ತಂದದ್ದರ ಹಿಂದೆ ಒಂದು ಲೆಕ್ಕವಿತ್ತು. ಸಣ್ಣ ಸೊಸೆ ಒಲೆ ನೋಡಿಕೊಂಡರೆ ದೊಡ್ಡ ಸೊಸೆಯನ್ನು ಹೊಲಕ್ಕೆ ಕಳಿಸಬಹುದು. ಹತ್ತಿ ಬಿಡಿಸುವವರ ಹಿಂದೆ, ಮೆಣಸಿನಕಾಯಿ ಹರಿಯುವವರ ಹಿಂದೆ ಮನೆಯವರೊಬ್ಬರು ಇರಬೇಕು ಎಂಬುದು ಅವರ ಹಟ. ಹಾಗೆ ಮೊದಲ ದಿನ ಬೆಳಿಗ್ಗೆ ನನ್ನನ್ನು ಒಲೆಯ ಮುಂದೆ ಕೂಡಿಸಿ, ಎಮ್ಮೆ ಹಿಂಡಲು ಅವರು ಹಿತ್ತಲಿಗೆ ಹೋದರು. ನಾನು ಬಡಿದ ಮೊದಲ ರೊಟ್ಟಿ ಎತ್ತುವಾಗಲೇ ಮೂರು ತುಂಡಾಯಿತು. ಎರಡನೆಯದು ಹಂಚಿಗೆ ಬೀಳುವ ಮೊದಲೇ ಒಡೆಯಿತು. ನೀರು ತುಂಬಿಡುತ್ತಿದ್ದ ಅಕ್ಕ ನೋಡಿದಳು. ಕೊಡ ಇಳಿಸಿ ಬಂದು ನನ್ನನ್ನು ಒಲೆಯ ಬದಿಗೆ ಸರಿಸಿ, ಒಡೆದ ತುಂಡುಗಳನ್ನು ಹಿಟ್ಟಿನೊಳಗೆ ಸೇರಿಸಿ ನಾದಿಬಿಟ್ಟಳು.

“ಹೆದರಬ್ಯಾಡ. ನಾ ಬಡೀತೀನಿ, ನೀ ಬೇಸು. ಕೇಳಿದ್ರ ಹಿಂಗ ಲಗೂ ಆಕ್ಕಾವು ಅಂತ ಹೇಳೂಣು,” ಎಂದಳು.

ಇಬ್ಬರಾದರೆ ಬೇಗ ಮುಗಿಯುತ್ತದೆ ಎಂಬ ನೆಪದಲ್ಲಿ ಅದೇ ನಮ್ಮ ವ್ಯವಸ್ಥೆಯಾಯಿತು. ಆರು ವರ್ಷ ನಡೆಯಿತು. ಅತ್ತೆಗೆ ಸಮಾಧಾನವಿರಲಿಲ್ಲ. ಒಂದು ಒಲೆಗೆ ಇಬ್ಬರು ಯಾಕೆ ಬೇಕು ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅಕ್ಕ ತಲೆ ಎತ್ತದೆ, ಕೈ ನಿಲ್ಲಿಸದೆ ಹೇಳುತ್ತಿದ್ದಳು: “ಒಂದ ರಂಟಿಗೆ ಎರಡ ಎತ್ತು ಯಾಕ ಹೂಡ್ತಾರ್ರಿ ಅತ್ತಿ?”

“ಎತ್ತು ಮಾತಾಡಂಗಿಲ್ಲ. ಸುಮ್ಮನ ದುಡೀತಾವ,” ಎನ್ನುತ್ತಿದ್ದರು ಅತ್ತೆ.

ಅವರು ಹೇಳಿದ್ದು ನಿಜ. ನಾವು ಮಾತಾಡುತ್ತಲೇ ಇರುತ್ತಿದ್ದೆವು. ಏನು ಮಾತು ಎಂದರೆ ಈಗ ಬಹಳ ನೆನಪಿಲ್ಲ. ಮೊರಬದಲ್ಲಿ ಅವಳ ತಮ್ಮ ಏಳನೇ ಇಯತ್ತೆಗೆ ಮೂರು ಸಲ ಕೂತದ್ದು, ಸಂಶಿಯ ಸಂತೆಯಲ್ಲಿ ಬಳೆಗಾರ ಅವಳ ಕೈ ಒತ್ತಿ ಒತ್ತಿ ಆರು ಬಳೆ ಒಡೆದದ್ದು, ನಮ್ಮೂರಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಟ್ಟೆ ಒಣಗದೆ ಇರುವುದು. ರೊಟ್ಟಿ ಒಂದೊಂದೂ ಹಂಚಿಗೆ ಬೀಳುವಾಗ ಅದು ಯಾರಿಗೆ ಎಂದು ಅವಳೇ ಹೆಸರಿಡುತ್ತಿದ್ದಳು. ಉಬ್ಬಿದ್ದು ನನ್ನ ಗಂಡನಿಗೆ. ಮೆತ್ತಗಿದ್ದದ್ದು ಹಲ್ಲಿಲ್ಲದ ಅತ್ತೆಗೆ. ಸೀದದ್ದು ತನ್ನ ಗಂಡನಿಗೆ. “ಇದು ನಿಮ್ಮ ಭಾವಗ ಇರಲಿ. ನಿನ್ನಿ ನನ್ನ ಮ್ಯಾಲೆ ಸಿಟ್ಟಾಗ್ಯಾರ.” ಮಕ್ಕಳ ವಿಷಯ ಒಂದೇ ಸಲ ಮಾತಾಡಿದಳು. ಅದೂ ಹಿಟ್ಟು ನಾದುತ್ತ, ನನ್ನ ಮುಖ ನೋಡದೆ. ಮೊದಲ ಆರು ತಿಂಗಳು ನಾನು ಅವಳಿಗೆ ‘ರಿ’ ಹಚ್ಚಿ ಮಾತಾಡುತ್ತಿದ್ದೆ. ಆಮೇಲೆ ಅದು ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ.

ಅವಳು ನನಗೆ ಬಡಿಯುವುದನ್ನು ಕಲಿಸಬಹುದಿತ್ತು. ಒಂದು ತಿಂಗಳ ಕೆಲಸ. ಸುಗ್ಗಿ ಮುಗಿಯಲಿ ಎನ್ನುವಳು, ಸುಗ್ಗಿ ಮುಗಿದರೆ ಮದುವೆಗಳು ಮುಗಿಯಲಿ ಎನ್ನುವಳು. ಆ ಕೊನೆಯ ದಿನವೂ ನಾನೇ ಮಾತು ತೆಗೆದೆ. ಎಂಟು ದಿನದ ಬುಟ್ಟಿ ತುಂಬಿಸಿ ಅವಳ ತೋಳು ಸೋತದ್ದು ಕಾಣುತ್ತಿತ್ತು.

“ನೀ ಬಂದ ಮ್ಯಾಲೆ ಈ ಸಲ ಖರೇನ ಕಲಿಸಬೇಕು ನೋಡ ಅಕ್ಕಾ,” ಎಂದೆ.

“ಕಲತು ಏನ ಮಾಡ್ತಿ ಬೇ? ನಿನಗ ಬಡ್ಯಾಕ ಬಂತು ಅಂದ್ರ ಮುದುಕಿ ಮರುದಿನಾನ ನನ್ನ ಹೊಲಕ್ಕ ಅಟ್ಟತಾಳ. ಇಲ್ಲಿ ನೀ ಒಬ್ಬಾಕಿನ, ಅಲ್ಲಿ ನಾ ಒಬ್ಬಾಕಿನ.”

ನಾನು ಮತ್ತೆ ಕೇಳಲಿಲ್ಲ. ನನಗೂ ಅದೇ ಬೇಕಾಗಿತ್ತು.

ಮರುದಿನ ಚಕ್ಕಡಿಯಲ್ಲಿ ಸಂಶಿಗೆ ಹೋಗಿ ಬಸ್ ಹತ್ತಿದಳು. ಪಂಚಮಿ ಕಳೆದ ಮೂರನೆಯ ದಿನ ಮೊರಬದಿಂದ ಒಬ್ಬ ಮನುಷ್ಯ ಬಂದ. ಮೈಮೇಲೆಲ್ಲ ಕೆಸರು. ಬೆಣ್ಣಿಹಳ್ಳ ತುಂಬಿ ದಾರಿ ನಿಂತಿತ್ತಂತೆ, ಇಳಿಯುವವರೆಗೆ ದಂಡೆಯಲ್ಲೇ ಕೂತು ಬಂದಿದ್ದ. ಅಕ್ಕನಿಗೆ ಜ್ವರ ಬಂದು ಮೂರು ದಿನವಾಗಿತ್ತು, ಆ ದಿನ ನಸುಕಿನಲ್ಲಿ ಹೋದಳು ಎಂದ. ಭಾವ, ನನ್ನ ಗಂಡ, ಅತ್ತೆ ಊರವರೊಬ್ಬರ ಟ್ರ್ಯಾಕ್ಟರಿನಲ್ಲಿ ಹೊರಟರು. ನಾನೂ ಸೀರೆ ಬದಲಿಸಿ ಬಂದು ನಿಂತೆ.

“ನೀ ಮನ್ಯಾಗಿರು. ಎಮ್ಮಿ ಹಿಂಡವರು ಯಾರು?” ಎಂದರು ಅತ್ತೆ.

ಹಳ್ಳ ಮತ್ತೆ ಬರುವ ಲಕ್ಷಣವಿತ್ತು. ಹಾಗಾಗಿ ಅವಳನ್ನು ಈ ಕಡೆ ತರಲಿಲ್ಲ, ಅಲ್ಲೇ ಮಣ್ಣು ಮಾಡಿದರು. ನಾನು ಅವಳ ಮುಖ ನೋಡಲಿಲ್ಲ. ಆ ಸಂಜೆ ಆಳುಗಳು ಹೊಲದಿಂದ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತರು. ಎಷ್ಟು ಹೊತ್ತು ಕೂತಾರು, ಹಸಿದಿದ್ದರು. ಬುಟ್ಟಿಯ ಅರಿವೆ ತೆಗೆದು ಒಬ್ಬೊಬ್ಬರಿಗೆ ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ನಾನೂ ತಿಂದೆ. ಅವಳನ್ನು ಮಣ್ಣು ಮಾಡಿದ ದಿನ ನಾವು ಅವಳು ಬಡಿದ ರೊಟ್ಟಿ ತಿಂದೆವು. ಅದು ತಪ್ಪೋ ಸರಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮನೆಯಲ್ಲಿ ಬೇರೆ ರೊಟ್ಟಿ ಇರಲಿಲ್ಲ, ಮಾಡಲು ನನಗೆ ಬರುತ್ತಿರಲಿಲ್ಲ.

ಅವರು ಹಿಂತಿರುಗಿದ ಮೇಲೆ ಮಾತಾಡಿಸಲು ಜನ ಬಂದರು. ಹೆಂಗಸರು ಅತ್ತೆಯನ್ನು ಹಿಡಿದು ಅತ್ತರು. ಗಂಡಸರು ಭಾವನ ಹತ್ತಿರ ಕೂತು, ಇನ್ನೂ ವಯಸ್ಸಿದೆ ಎಂದು ಹೇಳಿ ಎದ್ದು ಹೋದರು. ನಾನು ಬಂದವರಿಗೆ ನೀರು ಕೊಡುತ್ತಿದ್ದೆ. ನೆಗೆಣ್ಣಿ ಸತ್ತರೆ ನೆಗೆಣ್ಣಿಗೆ ಏನಾಗುತ್ತದೆ ಎಂದು ಕೇಳುವ ಪದ್ಧತಿ ಇಲ್ಲ. ಓಣಿಯ ಒಬ್ಬಾಕೆ ಚಂಬು ತೆಗೆದುಕೊಳ್ಳುತ್ತ, ಇನ್ನು ಮನೆಯೆಲ್ಲ ನಿನ್ನ ಕೈಗೆ ಬಂತಲ್ಲ ಎಂದಳು. ಕೆಟ್ಟದ್ದಕ್ಕೆ ಹೇಳಿದಳೆಂದು ನನಗೆ ಅನಿಸಲಿಲ್ಲ. ಅವಳಿಗೆ ಹಾಗೆ ಕಂಡಿರಬೇಕು.

ಆ ಹನ್ನೊಂದು ದಿನ ಬಳಗದವರ ಮನೆಗಳಿಂದ ಊಟ ಬರುತ್ತಿತ್ತು. ಬುಟ್ಟಿಯ ತಳದಲ್ಲಿ ಉಳಿದಿದ್ದ ನಾಲ್ಕಾರು ರೊಟ್ಟಿಯನ್ನು ಅತ್ತೆ ಮುರಿದು ಮಜ್ಜಿಗೆಯಲ್ಲಿ ನೆನೆಸಿ ತಿಂದು ಮುಗಿಸಿದರು. ಹನ್ನೆರಡನೆಯ ದಿನ ಊಟ ತರುವವರು ನಿಂತರು.

ನಾನು ಕತ್ತಲಿರುವಾಗಲೇ ಎದ್ದು ಒಲೆ ಹಚ್ಚಿ ಎಸರಿಟ್ಟೆ. ಅವಳು ಮಾಡುವುದನ್ನು ಆರು ವರ್ಷ ಮೊಳಕೈ ಅಂತರದಲ್ಲಿ ನೋಡಿದ್ದೆ. ಕೈಗಳು ಹೇಗೆ ತಿರುಗುತ್ತಿದ್ದವು ಎಂಬುದು ಕಣ್ಣಿಗೆ ಕಟ್ಟಿತ್ತು. ಆದರೂ ಹಿಟ್ಟು ಅಂಚಿನಲ್ಲಿ ಸೀಳಿತು. ಇನ್ನೊಂದು ಬಡಿದೆ, ಮಧ್ಯದಲ್ಲಿ ತೂತಾಯಿತು. ಆರೇಳು ಹಾಗೆಯೇ ಹೋದವು. ಒಡೆದ ತುಂಡುಗಳನ್ನು ಮತ್ತೆ ಮತ್ತೆ ನಾದಿ ಹಿಟ್ಟು ತಣ್ಣಗಾಗಿ ಸತ್ತುಹೋಗಿತ್ತು. ಬಡಿಯುವ ಸಪ್ಪಳ ನಿಂತು ನಿಂತು ಬರುವುದನ್ನು ಕೇಳಿ ಅತ್ತೆ ಬಂದು ನಿಂತದ್ದು ನನಗೆ ತಿಳಿದಿರಲಿಲ್ಲ.

ಹಿಟ್ಟು ನಾದುವ ಪರಾತದಲ್ಲಿದ್ದ ತುಂಡುಗಳನ್ನು ಅವರು ನೋಡಿದರು.

“ಆರು ವರ್ಷ ಏನ ಮಾಡಿದ್ರಿ ಇಬ್ಬರೂ ಇಲ್ಲಿ ಕೂತು?”

ಸುಳ್ಳು ಹೇಳಲು ಜೊತೆಗೆ ಯಾರೂ ಇರಲಿಲ್ಲ.

“ಮಾತಾಡ್ತಿದ್ವಿರಿ,” ಎಂದೆ.

ಬೈಯುತ್ತಾರೆ, ತವರಿಗೆ ಹೇಳಿ ಕಳಿಸುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆ ಹಿಡಿದು ಮೆಲ್ಲಗೆ ಕೂತು, ಸತ್ತ ಹಿಟ್ಟನ್ನು ಎಮ್ಮೆಯ ಮುಸುರೆಗೆ ಹಾಕಲು ಹೇಳಿ, ಹೊಸ ಹಿಟ್ಟು ತರಿಸಿದರು. ಎಸರು ಇನ್ನೂ ಕುದಿಯಬೇಕು, ಬಿಸಿ ಇರುವಾಗಲೇ ಕೈ ಹಾಕಬೇಕು, ಸುಟ್ಟರೆ ಸುಡಲಿ ಎಂದರು. ಬೆರಳುಗಳು ಸೊಟ್ಟಗಾಗಿದ್ದರೂ ಅವರ ರೊಟ್ಟಿ ದುಂಡಗೆ ತಿರುಗಿತು. ನಾನು ಬೇಯಿಸಿದೆ. ನಲವತ್ತು ಮುಗಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

ಹಾಗೆ ಎರಡು ತಿಂಗಳು ಅವರು ಮುಂದೆ ಕೂತು ಕಲಿಸಿದರು. ಅಂಗೈಯ ಬುಡದಿಂದ ಜೋರಾಗಿ ಒತ್ತಿ ಬಡಿಯುವ ಕೈ ಅವರದು. ಅಕ್ಕ ಬೆರಳಿನ ತುದಿಯಿಂದ ಹಗುರಾಗಿ ಬಡಿಯುತ್ತಿದ್ದಳು, ಅವಳ ಸಪ್ಪಳ ಬೇರೆಯೇ ಇತ್ತು. ಅದನ್ನು ಮಾಡಲು ನಾನು ಕೆಲವು ದಿನ ಪ್ರಯತ್ನಿಸಿದೆ, ಅತ್ತೆ ಬಿಡಲಿಲ್ಲ. ಹಾಗೆ ಬಡಿದರೆ ಹೊತ್ತಾಗುತ್ತದೆ ಎಂದರು. ದೀಪಾವಳಿಯ ಹೊತ್ತಿಗೆ ನನಗೆ ರೊಟ್ಟಿ ಬಂತು, ಆದರೆ ಅತ್ತೆಯ ಕೈಯ ರೊಟ್ಟಿ. ಎಡಗೈಯಲ್ಲಿ ಹಂಚಿನ ಮೇಲಿನದನ್ನು ಹೊರಳಿಸುತ್ತ ಬಲಗೈಯಲ್ಲಿ ಮುಂದಿನದನ್ನು ಬಡಿಯುವುದೂ ಬಂತು. ಇನ್ನು ನೀನೊಬ್ಬಳೇ ಸಾಕು ಎಂದು ಹೇಳಿ ಅತ್ತೆ ಮರುದಿನದಿಂದ ಅಡಿಗೆಮನೆಗೆ ಬರುವುದು ಬಿಟ್ಟರು.

ವರ್ಷ ತುಂಬಿದ ಮೇಲೆ ಭಾವನಿಗೆ ಅಣ್ಣಿಗೇರಿಯ ಕಡೆಯಿಂದ ಹೆಣ್ಣು ತಂದರು. ನನಗಿಂತ ಆರು ವರ್ಷ ಚಿಕ್ಕವಳು. ಸಂಬಂಧದಲ್ಲಿ ಅವಳು ದೊಡ್ಡವಳು, ನಾನು ಅವಳನ್ನು ಅಕ್ಕ ಎನ್ನಬೇಕಿತ್ತು. ಆ ಮಾತು ಇನ್ನೊಬ್ಬರಿಗೆ ನನ್ನ ಬಾಯಿಂದ ಹೊರಡಲಿಲ್ಲ. ಅವಳಿಗೂ ನನ್ನನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಏನೂ ಕರೆಯದೆ ಇದ್ದೆವು.

ಬಂದ ಮೊದಲ ಬೆಳಿಗ್ಗೆ ಅವಳು ಅಡಿಗೆಮನೆಯ ಹೊಸ್ತಿಲ ಹೊರಗೆ ಬಂದು ನಿಂತಳು. ಕೈ ತುಂಬ ಹಸಿರು ಬಳೆ. ನಾನು ಬಡಿಯುತ್ತಿದ್ದೆ.

“ನಾ ಬೇಸ್ಲೇನ್ರಿ?” ಎಂದು ಕೇಳಿದಳು.

ನಾನು ಒಲೆಯ ಬದಿಗೆ ಜಾಗ ಮಾಡಬಹುದಿತ್ತು. ಹಿಂಗ ಲಗೂ ಆಕ್ಕಾವು ಎಂದು ಅತ್ತೆಗೆ ಹೇಳಬಹುದಿತ್ತು. ಹೇಗೆ ಹೇಳಬೇಕೆಂದು ಆ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಬ್ಯಾಡ್ರಿ. ನನಗ ರೂಢಿ ಆಗೇತಿ,” ಎಂದೆ.

ಅವಳು ಸ್ವಲ್ಪ ಹೊತ್ತು ನಿಂತು ನೋಡಿದಳು. ಹಂಚಿನ ಮೇಲಿನದನ್ನು ಹೊರಳಿಸಲು ನನಗೆ ಯಾರೂ ಬೇಕಿಲ್ಲ ಎಂಬುದು ಕಾಣುತ್ತಿತ್ತು. ಒಳಗೆ ಬರಲಿಲ್ಲ. ಆ ವಾರವೇ ಅತ್ತೆ ಅವಳ ತಲೆಯ ಮೇಲೆ ಬುತ್ತಿ ಹೊರಿಸಿ ಹೊಲಕ್ಕೆ ಕಳಿಸಿದರು. ಹತ್ತಿ, ಮೆಣಸಿನಕಾಯಿ, ಕಡಲೆ ಎಂದು ಮೂರು ವರ್ಷ ಅವಳು ಬಿಸಿಲಲ್ಲಿ ಆಳುಗಳ ಹಿಂದೆ ಒಬ್ಬಳೇ ಓಡಾಡಿದಳು. ಸಂಜೆ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂಡುತ್ತಿದ್ದಳು. ನಾನು ಒಳಗಿರುತ್ತಿದ್ದೆ. ಅವಳು ಒಳ್ಳೆಯ ಹೆಂಗಸು. ನನ್ನ ಮೇಲೆ ಒಂದು ಮಾತು ಆಡಿದವಳಲ್ಲ. ಆಮೇಲೆ ಅಣ್ಣತಮ್ಮಂದಿರು ಬೇರೆಯಾದರು, ನಡುವೆ ಗೋಡೆ ಎದ್ದಿತು, ಅವಳಿಗೆ ಅವಳ ಒಲೆ ಬಂತು.

ಅವಳಿಗೆ ಬೇಡ ಎಂದದ್ದು ಯಾಕೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಸತ್ತವಳ ಜಾಗ ಕಾಯುತ್ತಿದ್ದೇನೆ ಎಂದು ಆಗ ಅನಿಸಿತ್ತು. ಅಕ್ಕ ಹಾಗೆ ಮಾಡುತ್ತಿರಲಿಲ್ಲ. ರೊಟ್ಟಿ ಒಡೆದುಕೊಂಡು ಕೂತಿದ್ದ ಗುರುತಿಲ್ಲದ ಹುಡುಗಿಯನ್ನು ಅವಳು ಮೊದಲ ದಿನವೇ ಬದಿಗೆ ಕೂಡಿಸಿಕೊಂಡಿದ್ದಳು.

ಈಗ ಬಡಿಯುವವಳೂ ನಾನೇ, ಬೇಯಿಸುವವಳೂ ನಾನೇ. ಕೆಲಸ ಯಾವುದೂ ನಿಲ್ಲುವುದಿಲ್ಲ. ಮಾತಾಡಲು ಬಾಜು ಯಾರೂ ಇಲ್ಲ.