ಇಲ್ಲದ ಮಗನ ಜ್ವರಾ

ಯರಗುಪ್ಪಿಗೆ ತಿಂಗಳಿಗೊಮ್ಮೆ ಲೈಟಿನ ಮೀಟರ್ ನೋಡಾಕ ಹೋಗತಿದ್ದೆ. ಅಲ್ಲಿ ಬಸಣ್ಣ ಅನ್ನಾಂವ ಚಕ್ಕಡಿಯಿಂದ ಬಿದ್ದು ತಲಿಗೆ ಪೆಟ್ಟ ಮಾಡ್ಕೊಂಡಿದ್ದ. ಮಿದುಳಿಗೆ ಬಂದಿದ್ದ ಬಾವು ಇಳೀತು, ಆದ್ರ ಹೊಸಾ ಮಾತು ಯಾವುದೂ ತಲ್ಯಾಗ ನಿಲ್ಲತಿರಲಿಲ್ಲ.

ಒಂದ್ಸಲ ಅವನ ಮನ್ಯಾಗ ಚಾ ಕುಡಿಯೂ ಮುಂದ “ಮಕ್ಕಳೆಷ್ಟ್ರೀ ಸಾಹೇಬ್ರ?” ಅಂತ ಕೇಳಿದ. ಲಗ್ನಾನ ಆಗಿಲ್ಲ ಅಂದೆ. ಚಾ ಮುಗಿಯೂದ್ರಾಗ ಮತ್ತ ನಾಕ ಸಲ ಅದನ್ನ ಕೇಳಿದ. ಬ್ಯಾಸತ್ತು, “ಒಬ್ಬ ಮಗ ಅದಾನ್ರಿ, ಜ್ವರಾ ಬಂದೈತಿ” ಅಂದುಬಿಟ್ಟೆ. ಹೆಂಗೂ ಮರೀತಾನಲ್ಲ.

ಮುಂದಿನ ತಿಂಗಳ ಹೋದಾಗ ಬಾಗಲದಾಗ ನಿಂತು ಕೇಳಿದ, “ಮಗನ ಜ್ವರಾ ಬಿಟ್ಟಿತೇನ್ರೀ?”

ಅವನ ಹೆಂಡತಿ ನೀಲವ್ವ ಸೊಂಟದ ಮ್ಯಾಗಿನ ಕೊಡಾ ಇಳಿಸಿದ್ಲು. “ಬಿದ್ದಾಗಿಂದ ಇದೊಂದ ನೆನಪ ಉಳದೈತಿ ನೋಡ್ರಿ ಇವರಿಗೆ” ಅಂತ ಕಣ್ಣ ಒರಸ್ಕೊಂಡ್ಲು.

“ಬಿಟ್ಟೈತ್ರಿ, ಸಾಲಿಗೆ ಹೊಂಟಾನ” ಅಂದೆ.

ಸಂಜಿಕ ನಾ ಇರೂ ಊರು ಸಂಶಿಗೆ ಬಂದು ರೂಮಿನ ಬೀಗಾ ತಗದ್ರ ಒಳಗ ಯಾರೂ ಇರಲಿಲ್ಲ. ಅವತ್ತ ಮೊದಲ ಸಲ ನನಗ ಅದು ಸೋಜಿಗಾ ಅನಿಸಿತು.